ಹಿಡಿಬಿಡು

ಕೀಲಿ ತಿರುಗಿಸಿ ಅಲಗು ಬದಲಿಸುವ ಮಲ್ಟಿಟೂಲ್ ಬೇಕೆಂದರೆ ಒಬ್ಬ ಬಡಗಿಯ ಹದಿನೈದು ದಿನದ ಕೂಲಿ. ಲಿವರ್ ಎತ್ತಿ ಬದಲಿಸುವಂಥದ್ದು ಬೇಕೆಂದರೆ ಪೂರ್ತಿ ತಿಂಗಳ ಕೂಲಿ. ಮೊಣಕೈ ಕೆಳಗೆ ತೊಡುವ ಕೃತಕ ಕೈಗೆ, ಪಟ್ಟಿ, ತಂತಿ, ಕೊಕ್ಕೆ ಎಲ್ಲ ಸೇರಿ, ಹತ್ತಿರ ಹತ್ತಿರ ವರ್ಷದ ಕೂಲಿ. ಹುಟ್ಟುವಾಗ ತಂದ ಕೈ ಹೋದರೆ ಎಷ್ಟು ಎಂಬುದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಬೆಲೆಚೀಟಿ ಇರುವುದಿಲ್ಲ. ಭಾವ ಆಸ್ಪತ್ರೆಯ ಬಿಲ್ಲು ಕಟ್ಟಿದ, ಎರಡು ಅರ್ಧ ತೋಳಿನ ಅಂಗಿ ಹೊಲಿಸಿಕೊಟ್ಟ. ಅಲ್ಲಿಗೆ ಆ ಲೆಕ್ಕ ಚುಕ್ತಾ ಆಯಿತು.

ಭಾವ ಎಂದರೆ ಬಡಗಿಯ ಅಕ್ಕನ ಗಂಡ. ಮುಂದೆ ಉಪಕರಣಗಳ ಅಂಗಡಿ, ಹಿಂದೆ ಪೀಠೋಪಕರಣ ಮಾಡುವ ಕಾರ್ಖಾನೆ, ಎರಡೂ ಅವನವೇ. ಕಾರ್ಖಾನೆಯ ಗರಗಸದ ಮೇಜಿಗೊಂದು ರಕ್ಷಣೆಯ ಮುಚ್ಚಳವಿತ್ತು. ಅದಿದ್ದರೆ ಕೆಲಸ ನಿಧಾನ ಎಂದು ಭಾವನೇ ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ್ದ. ಒಂದು ಮಧ್ಯಾಹ್ನ ಗಂಟಿದ್ದ ಹಲಗೆಯೊಂದು ಅಲಗಿಗೆ ಸಿಕ್ಕಿ ಹಿಂದಕ್ಕೆ ಒದೆಯಿತು, ಬಡಗಿಯ ಎಡಗೈ ಹೋಯಿತು. ಮೊಣಕೈಯಿಂದಾಚೆ ಗೇಣುದ್ದ ಉಳಿಯಿತು.

ಕೆಲಸ ಗೊತ್ತಿಲ್ಲದವರು ಬಲಗೈ ಉಳೀತಲ್ಲ, ಪುಣ್ಯ ಎಂದರು. ಬಲಗೈ ಕೊಯ್ಯುತ್ತದೆ, ಹೊಡೆಯುತ್ತದೆ, ಹೆಸರು ತೆಗೆದುಕೊಳ್ಳುತ್ತದೆ. ಹಿಡಿದುಕೊಂಡಿರುವುದು ಎಡಗೈ. ಹಿಡಿಯುವ ಕೈ ಇಲ್ಲದ ಬಡಗಿ, ಹಿಡಿ ಇಲ್ಲದ ಉಳಿಯ ಹಾಗೆ.

ಭಾವ ಅವನನ್ನು ಅಂಗಡಿಯಲ್ಲಿ ಧೂಳು ಒರೆಸಲು ಇಟ್ಟುಕೊಂಡ. ಅಕ್ಕ ಮನೆಗೆ ಬಂದು ಆ ಉಪಕಾರವನ್ನು ಎಣಿಸಿ ಹೇಳಿದಳು.

"ನಿನ್ನ ಭಾವ ಇಲ್ದೇ ಹೋಗಿದ್ರೆ ಯಾರು ಕಣೋ ನಿನ್ನ ಕೈ ಹಿಡೀತಿದ್ರು?"

ಹೊಲಿಗೆ ಮೆಷಿನ್ನಿನ ಹಿಂದೆ ಕೂತಿದ್ದ ಬಡಗಿಯ ಹೆಂಡತಿ ದಾರ ಹಲ್ಲಲ್ಲಿ ಕಡಿದು, "ಯಾವ ಕೈ ಅತ್ತಿಗೆ?" ಎಂದು ಕೇಳಿದಳು. ಅಕ್ಕ ಆಮೇಲೆ ಆ ಮನೆಗೆ ಬರುವುದನ್ನೇ ಕಡಿಮೆ ಮಾಡಿದಳು.

ಲಿವರಿನ ಮಲ್ಟಿಟೂಲ್‌ಗಳು ಆಗ ಕಪಾಟಿನಲ್ಲೇ ಕೂತಿದ್ದವು. ಮಲ್ಟಿಟೂಲ್ ಎಂದರೆ ಒಂದೇ ಮೋಟಾರು, ಹತ್ತು ಬಾಯಿ. ಅಲಗು ಸಿಕ್ಕಿಸಿದರೆ ಕೊಯ್ಯುತ್ತದೆ, ಸ್ಯಾಂಡ್‌ಪೇಪರಿನ ತಟ್ಟೆ ಸಿಕ್ಕಿಸಿದರೆ ಉಜ್ಜುತ್ತದೆ, ಚಪ್ಪಟೆ ಉಳಿ ಸಿಕ್ಕಿಸಿದರೆ ಹಳೆಯ ಅಂಟು ಕೆರೆಯುತ್ತದೆ. ಹಳೆಯ ಮಾದರಿಯಲ್ಲಿ ಬಾಯಿ ಬದಲಿಸಲು ಒಂದು ಕೈಯಲ್ಲಿ ಯಂತ್ರ ಹಿಡಿದು ಇನ್ನೊಂದರಲ್ಲಿ ಕೀಲಿ ತಿರುಗಿಸಿ ಬೋಲ್ಟು ಬಿಚ್ಚಬೇಕು. ಹೊಸದರ ತಲೆಯ ಮೇಲೆ ಒಂದು ಲಿವರ್. ಎತ್ತಿದರೆ ಒಳಗಿನ ಕ್ಲಾಂಪ್ ಬಾಯಿ ಬಿಟ್ಟು ಅಲಗು ಕೆಳಗೆ ಬೀಳುತ್ತದೆ. ಇನ್ನೊಂದನ್ನು ಇಟ್ಟು ಲಿವರ್ ಮಡಚಿದರೆ ಟಕ್ ಎಂದು ಕಚ್ಚುತ್ತದೆ. ಬಡಗಿ ಅದಕ್ಕೆ ಹಿಡಿಬಿಡು ಎಂದು ಹೆಸರಿಟ್ಟಿದ್ದ. ಗಿರಾಕಿಗಳು ಮಾತ್ರ, "ಕೀಲಿ ಇರೋವಾಗ ಈ ಶೋಕಿಗೆ ಯಾರಪ್ಪಾ ದುಡ್ಡು ಹಾಕ್ತಾರೆ?" ಎಂದು ಬೆಲೆ ಕೇಳಿ ಇಟ್ಟುಹೋಗುತ್ತಿದ್ದರು.

ಒಂದು ದಿನ ಧೂಳು ಒರೆಸುತ್ತಾ ಬಡಗಿ ಸುಮ್ಮನಿರಲಾರದೆ ಯಂತ್ರವನ್ನು ಮೊಂಡುತೋಳಿನಲ್ಲಿ ಪಕ್ಕೆಗೆ ಅದುಮಿಕೊಂಡು, ಹೆಬ್ಬೆರಳಿನಿಂದ ಲಿವರ್ ಎತ್ತಿ, ಅಲಗು ಉದುರಿಸಿ, ಇನ್ನೊಂದನ್ನು ಸಿಕ್ಕಿಸಿ, ಟಕ್ ಅನ್ನಿಸಿದ. ಮೊಳೆ ಕೊಳ್ಳಲು ಬಂದಿದ್ದವನೊಬ್ಬ ಬಾಯಿ ತೆರೆದು ನೋಡಿದ. ಮೊಳೆಯ ಜೊತೆ ಮೆಷಿನ್ನನ್ನೂ ಒಯ್ದ.

ಭಾವ ಅದನ್ನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡಿದ್ದ. ಮಾರನೇ ದಿನವೇ ಬಾಗಿಲ ಎದುರಿಗೆ ಮೇಜು ಬಂತು. ಅರ್ಧ ತೋಳಿನ ಅಂಗಿ ಕಡ್ಡಾಯವಾಯಿತು.

"ಬನ್ನಿ ಸ್ವಾಮಿ, ನೋಡಿ!" ಭಾವನ ಗಂಟಲು ಬೀದಿಯ ತುದಿಗೆ ಕೇಳುತ್ತಿತ್ತು. "ನನ್ನ ಸ್ವಂತ ಮೈದುನ. ಕೈ ಇಲ್ಲದೋನೇ ಮಾಡ್ತಾನೆ, ಎರಡೆರಡು ಇಟ್ಕೊಂಡಿರೋ ನಿಮಗೇನ್ರೀ ಧಾಡಿ? ಒಂದು ಕೈಲಿ ಚಪ್ಪಾಳೆ ಆಗಲ್ಲ ಅಂತಾರೆ, ಚಪ್ಪಾಳೆ ನೀವು ಹೊಡೀರಿ, ಕೆಲಸ ಅವನು ಮಾಡ್ತಾನೆ!"

ಜನ ನಗುತ್ತಿದ್ದರು. ಕೀಲಿ ಹಿಡಿದ ಎರಡು ಕೈಯವರ ಮೇಲೆ ಪಂದ್ಯ ಕಟ್ಟುತ್ತಿದ್ದರು, ಸೋಲುತ್ತಿದ್ದರು, ಕೊಳ್ಳುತ್ತಿದ್ದರು. ಒಂಟಿಗೈ ಎಂಬ ಹೆಸರು ನಿಂತಿತು. ಬಡಗಿಗೆ ಅದು ಚುಚ್ಚಲಿಲ್ಲವೆಂದಲ್ಲ. ಆದರೆ ನಿಜ ಹೇಳಬೇಕೆಂದರೆ ಗೆಲ್ಲುವಾಗ ಅವನಿಗೆ ಒಳಗೊಳಗೇ ಹಿತವೂ ಆಗುತ್ತಿತ್ತು. ಕೈಚಳಕದಿಂದ ಬದುಕಿದವನಿಗೆ ಉಳಿದೊಂದು ಕೈಯ ಚಳಕವಾದರೂ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬ ಆಸೆ ಇದ್ದೇ ಇರುತ್ತದೆ.

ಒಮ್ಮೆ ಮೇಜಿನ ಮೇಲಿನ ಡೆಮೊ ಪೀಸ್‌ನ ಟಕ್ ಶಬ್ದ ಮೆತ್ತಗಾಗಿ ಟಪ್ ಎನ್ನತೊಡಗಿತು. ಬಡಗಿ ಭಾವನಿಗೆ ಹೇಳಿದ. ಭಾವ ತಕ್ಷಣ ಕಂಪನಿಗೆ ಫೋನು ಹಚ್ಚಿದ.

"ದಿನಕ್ಕೆ ನಾಲ್ಕೈದು ಸಲ ಬಿಚ್ಚೋಕೆ ಮಾಡಿರೋ ಕ್ಲಾಂಪು ಕಣ್ರೀ ಇದು. ನಮ್ಮಲ್ಲಿ ಬೆಳಗಿಂದ ಸಂಜೆ ತನಕ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಒಳಗಿನ ಹಲ್ಲು ಸವೆದಿದೆ. ಅಲಗು ಹಾರಿ ಯಾರದಾದ್ರೂ ಕಣ್ಣಿಗೆ ಬಿದ್ರೆ? ಬೇರೆ ಕಳಿಸಿ."

ಬೇರೆಯದು ಬಂತು, ಬಿಟ್ಟಿಯಾಗಿ.

ಇತ್ತ ಬಡಗಿಯ ಹೆಂಡತಿ ಸೋಫಾ ಕವರ್ ಹೊಲಿದು ಹೊಲಿದು ಮೂರು ವರ್ಷ ಕೂಡಿಟ್ಟಳು. ಕೃತಕ ಕೈ ಬಂತು. ಮೊಂಡುತೋಳಿಗೆ ತೊಡಿಸುವ ಗಟ್ಟಿ ಕವಚ, ಬಲಹೆಗಲಿಗೆ ಸುತ್ತುವ ಪಟ್ಟಿ, ಹೆಗಲು ಕೊಡವಿದರೆ ತೆರೆದು ಮುಚ್ಚುವ ಉಕ್ಕಿನ ಕೊಕ್ಕೆ. ನಾಲ್ಕು ಜನರ ನಡುವೆ ಹೋಗುವಾಗ ಹಾಕಿಕೊಳ್ಳಲು ಬೇರೆಯೇ ಒಂದು ರಬ್ಬರು ಕೈ. ಮಣಿಕಟ್ಟಿನಲ್ಲಿ ಒಂದು ಗುಂಡಿ. ಒತ್ತಿದರೆ ಕೊಕ್ಕೆ ಕಳಚುತ್ತದೆ, ರಬ್ಬರು ಕೈ ಇಟ್ಟು ತಿರುಗಿಸಿದರೆ ಟಕ್ ಎಂದು ಕಚ್ಚುತ್ತದೆ.

ಬಡಗಿ ಮೊದಲ ದಿನವೇ ಕೊಕ್ಕೆಯಲ್ಲಿ ಮೊಳೆ ಹಿಡಿದು ಗೋಡೆಗೆ ಹೊಡೆದ. ಹೆಂಡತಿ ಅದಕ್ಕೆ ಏನನ್ನೂ ತೂಗುಹಾಕಲಿಲ್ಲ. ಮೊಳೆಯನ್ನೇ ನೋಡುತ್ತಾ ನಿಂತಳು.

ಮನೆಗಳಿಗೆ ಕಪಾಟು ಕೂರಿಸುವ ಮೇಸ್ತ್ರಿಯೊಬ್ಬ ಬಡಗಿಯ ಹಳೆಯ ಕೆಲಸ ಬಲ್ಲವನು. ಕೊಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಲಗೆ ಅದುಮಿ ಹಿಡಿಯೋಕಾದ್ರೆ ಸಾಕಪ್ಪ. ಉಳಿದಿದ್ದು ನಿಂಗೆ ನಾನು ಹೇಳಿಕೊಡಬೇಕಾ? ಮಳೆ ಮುಗೀಲಿ, ದೊಡ್ಡ ಕೆಲಸ ಶುರುವಾಗುತ್ತೆ. ಬಾ."

ಮಳೆ ಮುಗಿಯುವ ತನಕ ಮನೆ ನಡೆಯಬೇಕಿತ್ತು. ಬಡಗಿ ಕೈ ತೊಟ್ಟುಕೊಂಡೇ ಅಂಗಡಿಗೆ ಹೋದ.

ಭಾವ ಅಡಿಯಿಂದ ಮುಡಿಯ ತನಕ ನೋಡಿದ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಯಾರಪ್ಪ ಕೊಡಿಸಿದ್ದು?"

"ನನ್ನ ಹೆಂಡ್ತಿ, ಭಾವ."

"ಸಂತೋಷ. ಬಿಚ್ಚಿಡು."

"ಯಾಕೆ?"

"ಯಾಕೆ ಅಂತೀಯಲ್ಲೋ! ಎರಡು ಕೈ ಇರೋನು ಅಲಗು ಬದಲಿಸಿದ್ರೆ ನೋಡೋಕೆ ಯಾರು ಬರ್ತಾರೆ? ನನ್ನ ಹತ್ರ ಎರಡು ಕೈ ಇರೋ ಆಳುಗಳು ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬನಾಗ್ತೀಯಾ? ಹಂಗಾದ್ರೆ ಧೂಳೊರೆಸೋ ಸಂಬಳ."

ಬಡಗಿ ಗುಂಡಿ ಒತ್ತಿ ಕೊಕ್ಕೆ ಕಳಚಿದ. ಆ ಟಕ್ ಸದ್ದು ಭಾವನ ಕಿವಿಗೆ ಬಿತ್ತು. ಅವನ ಮುಖ ಅರಳಿತು.

"ಇನ್ನೊಂದು ಸಲ ಮಾಡು... ಆಹಾ! ಲೋ, ಇದಕ್ಕೂ ನಿನ್ನ ಹಿಡಿಬಿಡು ಇದೆಯಲ್ಲೋ!"

ಅಂದಿನಿಂದ ಆಟ ಬೇರೆಯಾಯಿತು. ಭಾವ ಮೆಷಿನ್ನಿನ ಲಿವರ್ ಎತ್ತುತ್ತಿದ್ದ, ಬಡಗಿ ಮಣಿಕಟ್ಟಿನ ಗುಂಡಿ ಒತ್ತಬೇಕು. ಅಲಗೂ ಕೈಯೂ ಒಟ್ಟಿಗೆ ಮೇಜಿನ ಮೇಲೆ ಬೀಳಬೇಕು. "ಮನುಷ್ಯನಿಗೇ ಹಾಕಿದ್ದಾರೆ ಸ್ವಾಮಿ ಈ ಕ್ಲಾಂಪು, ಮೆಷಿನ್ನಿಗೆ ಬೇಡ್ವಾ?" ರಬ್ಬರು ಕೈ ಗಿರಾಕಿಗಳ ನಡುವೆ ಓಡಾಡಿತು. ಒಬ್ಬ ಅದರಿಂದ ಬೆನ್ನು ಕೆರೆದುಕೊಂಡ. ಇನ್ನೊಬ್ಬ ಪಕ್ಕದವನ ಜೇಬಿಗೆ ಅದನ್ನು ತೂರಿಸಿ, "ಕಳ್ಳ, ಕಳ್ಳ!" ಎಂದು ಕೂಗಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಡಗಿ ಕೈ ವಾಪಸು ಬರುವ ತನಕ ನಗುಮುಖ ಇಟ್ಟುಕೊಂಡು ನಿಂತಿರುತ್ತಿದ್ದ. ಮಳೆ ಮುಗಿಯಲಿ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಮಳೆ ಹಿಂದೆಗೆಯುವ ಹೊತ್ತಿಗೆ ಒಂದು ಸಂಜೆ, ಕೊಕ್ಕೆ ಹಾಕಿ ತಿರುಗಿಸಿದಾಗ, ಟಕ್ ಎನ್ನುವ ಬದಲು ಟಪ್ ಎಂದಿತು. ಬಡಗಿ ಮತ್ತೆ ತಿರುಗಿಸಿದ, ಮತ್ತೆ ಟಪ್. ಆ ಸದ್ದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಬೀದಿಯಲ್ಲೇ ಯಾರೂ ಇರಲಿಲ್ಲ.

"ಭಾವ, ಈ ಆಟ ಸಾಕು. ಹಲ್ಲು ಸವೀತಾ ಇದೆ. ದಿನಕ್ಕೆ ನಾಲ್ಕೈದು ಸಲ ಬಿಚ್ಚೋಕೆ ಮಾಡಿರೋದು ಅಂತ ನೀವೇ ಫೋನಲ್ಲಿ ಹೇಳಿದ್ರಲ್ಲ."

"ಅದು ಮೆಷಿನ್ನು ಮಾರಾಯ, ಇದು ಕೈ."

"ಎರಡೂ ಒಂದೇ ಅಂತ ದಿನಾ ಕೂಗ್ತೀರಿ."

ಭಾವ ನಕ್ಕ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ಅವನ ಬಲ. "ಮಾತು ಕಲಿತುಬಿಟ್ಟೆ ನೋಡು. ಇನ್ನೊಂದು ವಾರ. ಸೀಸನ್ನು ಮುಗಿಯುತ್ತೆ. ಈಗ ನಿಲ್ಲಿಸಿದ್ರೆ ಈ ತಿಂಗಳ ಸಂಬಳಕ್ಕೆ ನಿನ್ನಕ್ಕನ್ನೇ ಕೇಳಬೇಕಾಗುತ್ತೆ."

ಬಡಗಿ ಆ ಒಂದು ವಾರವನ್ನೂ ಮಾಡಿದ. ಅಲ್ಲಿ ಅವನು ತಪ್ಪಿದ. ಡೆಮೊ ಪೀಸ್ ಟಪ್ ಎಂದಾಗ ಒಂದು ಗಳಿಗೆಯೂ ಕಾಯದವನು, ತನ್ನದೇ ಮಣಿಕಟ್ಟು ಟಪ್ ಎಂದಾಗ ಕಾದ. ಮೇಸ್ತ್ರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಬೇಡ ಎಂದುಬಿಡುತ್ತಾನೋ ಎಂಬ ಹೆದರಿಕೆ. ಮಣಿಕಟ್ಟಿನ ಸಂದಿಗೆ ಬಟ್ಟೆಯ ಚೂರು ತುರುಕಿ, ಮೇಲೆ ಟೇಪು ಸುತ್ತಿದ.

ಕೆಲಸದ ಮೊದಲ ದಿನ ಹೆಂಡತಿ ಅವನ ಹಳೆಯ ಉಳಿಗಳಿಗೆ ಎಣ್ಣೆ ಒರೆಸಿ ಚೀಲಕ್ಕೆ ಹಾಕಿಕೊಟ್ಟಳು. ಹೊಸ ಮನೆಯ ಅಡುಗೆಕೋಣೆ, ಇನ್ನೂ ಸುಣ್ಣದ ವಾಸನೆ. ಮಧ್ಯಾಹ್ನದ ತನಕ ಎಲ್ಲ ಸರಿಹೋಯಿತು. ಬಡಗಿ ಅಳತೆ ಹಾಕಿದ, ಕೊಯ್ದ, ಅಂಚು ಉಜ್ಜಿದ. ಮೇಸ್ತ್ರಿ ಜೋಡಣೆಯ ಮೇಲೆ ಉಗುರು ಎಳೆದು, ಎಲ್ಲೂ ತಡೆಯದಿದ್ದಾಗ, "ಕೈ ಕೂತಿದೆ ಕಣಯ್ಯ" ಎಂದ. ಮೂರು ವರ್ಷದಲ್ಲಿ ಬಡಗಿಯ ಕಿವಿಗೆ ಬಿದ್ದ ಒಳ್ಳೆಯ ಮಾತು ಅದೊಂದೇ.

ಊಟದ ನಂತರ ಮೇಲಿನ ಕಪಾಟು ಎತ್ತಿದರು. ಬಡಗಿ ಏಣಿಯ ಮೇಲೆ ನಿಂತು ಕೊಕ್ಕೆಯಿಂದ ಕೆಳಗಿನ ಅಂಚನ್ನು ಹಿಡಿದು, ಬಲಗೈಯನ್ನು ತಳಕ್ಕೆ ಕೊಟ್ಟ. ಮೇಸ್ತ್ರಿ ಕೆಳಗೆ ಬಗ್ಗಿ ಸ್ಕ್ರೂ ಹುಡುಕುತ್ತಿದ್ದ.

"ಗಟ್ಟಿಯಾಗಿ ಹಿಡಿದಿದ್ದೀಯಾ?"

"ಹಿಡಿದಿದ್ದೀನಿ, ಮೇಸ್ತ್ರಿ."

ಟಪ್.

ಕೊಕ್ಕೆ ಕಪಾಟನ್ನು ಕಚ್ಚಿಕೊಂಡೇ ಇತ್ತು. ಅದು ತನ್ನ ಕೆಲಸ ಬಿಡಲಿಲ್ಲ. ಕಳಚಿದ್ದು ಮಣಿಕಟ್ಟು. ಕಪಾಟು, ಕೊಕ್ಕೆಯ ಸಮೇತ, ಮೇಸ್ತ್ರಿಯ ಹೆಗಲ ಮೇಲೆ ಬಿತ್ತು.

ಹೆಗಲ ಮೂಳೆ ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಮೇಸ್ತ್ರಿ ಕೊಕ್ಕೆಯ ಬುಡವನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಉಪಕರಣ ಬಲ್ಲವನಿಗೆ ಅಷ್ಟು ಸಾಕು.

"ಇದು ಒಂದು ದಿನದಲ್ಲಿ ಸವೆದದ್ದಲ್ಲ. ನಿಂಗೆ ಗೊತ್ತಿತ್ತು."

ಬಡಗಿ ತಲೆ ತಗ್ಗಿಸಿದ.

"ಕೈ ಇಲ್ಲ ಅಂತ ನಾನು ನಿನ್ನ ಬೇಡ ಅಂದೋನಲ್ಲಪ್ಪ. ಏಣಿ ಮೇಲೆ ನಿಂತು ಸುಳ್ಳು ಹೇಳೋನು ಬೇಡ. ನಾಳೆಯಿಂದ ಬರಬೇಡ."

ಬೈದಿದ್ದರೆ ಬಡಗಿ ತಡೆದುಕೊಳ್ಳುತ್ತಿದ್ದ. ಮೇಸ್ತ್ರಿ ಬೈಯಲಿಲ್ಲ. ಆದರೆ ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆ ಹೇಳಿದ. ಆಮೇಲೆ ಬೇರೆ ಯಾವ ಮೇಸ್ತ್ರಿಯೂ ಬಡಗಿಗೆ ಏಣಿ ಕೊಡಲಿಲ್ಲ.

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿಸಿಕೊಂಡು ಹೊಲಿಗೆ ಮೆಷಿನ್ನಿನಿಂದ ಕಾಲು ತೆಗೆದಳು.

"ರೀ, ಒಂದೇ ಒಂದು ಹೇಳಿ. ಕೈ ಕೊಟ್ಟಿದ್ದು ಆ ಕೈನಾ, ನಿಮ್ಮ ಭಾವನಾ, ನೀವಾ?"

ಅವಳು ಮತ್ತೆ ಮೆಷಿನ್ ತುಳಿಯತೊಡಗಿದಳು.

ಮರುದಿನ ಬಡಗಿ ಸವೆದ ಮಣಿಕಟ್ಟನ್ನು ಭಾವನ ಮುಂದೆ ಇಟ್ಟ. ಆ ಭಾಗ ಬದಲಿಸಲು ಅರ್ಧ ವರ್ಷದ ಕೂಲಿ ಬೇಕಿತ್ತು. ಮೇಜಿನ ಮೇಲೆ ಅಂದೇ ಬಂದ ಹೊಸ ಡೆಮೊ ಪೀಸ್ ಹೊಳೆಯುತ್ತಿತ್ತು, ಅದೂ ಬಿಟ್ಟಿ.

"ನಾನೇನು ನಿನ್ನ ಕೈಗೆ ಗ್ಯಾರಂಟಿ ಬರೆದುಕೊಟ್ಟಿದ್ನಾ?" ಎಂದ ಭಾವ, ಮೃದುವಾಗಿಯೇ. "ಎಲ್ಲಿ, ರಬ್ಬರು ಕೈ ಹಾಕು ನೋಡೋಣ." ಬಡಗಿ ಹಾಕಿದ. ಭಾವ ಅದನ್ನು ಹಿಡಿದು ಕುಲುಕಿದ. ಕೈ ಕಳಚಿ ಭಾವನ ಕೈಗೇ ಬಂತು.

ಭಾವ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಲೋ ಮೈದುನ! ರಿಪೇರಿ ಯಾಕೋ ಬೇಕು ಇದಕ್ಕೆ? ಹೀಗೇ ಇರಲಿ! ಬಂದವರಿಗೆಲ್ಲ ಕೈ ಕೊಡು!"

ಬಡಗಿ ಕೊಟ್ಟ. ಗಿರಾಕಿಗಳು ನಗುತ್ತಾ ಕುಲುಕಿದರು, ಕಳಚಿ ಬಂದ ಕೈ ಹಿಡಿದು ಕಿರುಚಿದರು, ಸುತ್ತ ನಿಂತವರು ಕಣ್ಣೀರು ಬರುವ ಹಾಗೆ ನಕ್ಕರು. ಕಪಾಟಿನಲ್ಲಿದ್ದ ಲಿವರಿನ ಮೆಷಿನ್ನುಗಳೆಲ್ಲ ಖಾಲಿಯಾದವು.

ಆ ವರ್ಷ ಭಾವ ಎರಡನೆಯ ಅಂಗಡಿ ತೆರೆದ. ಅಕ್ಕನಿಗೆ ಎರಡು ಜೊತೆ ಬಳೆ ಬಂತು. ಕಂಪನಿಗೆ ವ್ಯಾಪಾರ ಬಂತು. ಮೇಸ್ತ್ರಿಗೆ ಬಲಹೆಗಲು ಮೊದಲಿನಷ್ಟು ಮೇಲೇಳದಾಯಿತು. ಬಡಗಿಯ ಹೆಂಡತಿಗೆ ಮೂರು ವರ್ಷದ ಹೊಲಿಗೆ ಹೋಯಿತು. ಬಡಗಿಗೆ ತಿಂಗಳ ಸಂಬಳ ಉಳಿಯಿತು, ಬಡಗಿತನ ಹೋಯಿತು.