ಎಡಗೈ ಕತ್ತರಿ

ಹೊಸ ಯಂತ್ರ ಕಲಿಯಲೆಂದು ಕಾರ್ಖಾನೆಯವರು ಹೊರದೇಶಕ್ಕೆ ಕಳಿಸಿದಾಗ, ಊರು ನೋಡುವುದಿರಲಿ, ಮೊದಲು ಅಲ್ಲೇ ನೆಲೆಸಿದ್ದ ದೊಡ್ಡಮ್ಮನ ಟೈಲರ್ ಅಂಗಡಿಗೆ ಓಡಿದೆ. ಅಮ್ಮನ ಅಕ್ಕ ಅವರು. ಅವರ ಫೋಟೊ ಎದುರಿಗಿಟ್ಟುಕೊಂಡೇ ನಾನು ಹೊಲಿಗೆ ಕಲಿತವಳು.

“ಬಾರೇ ಬಾರೇ! ಮುಖ ಥೇಟ್ ನಿಮ್ಮಮ್ಮಂದೇ,” ಎಂದು ಅಪ್ಪಿಕೊಂಡರು. ಅಳತೆ ಕೊಡಲು ಬಂದಿದ್ದ ನಮ್ಮ ಕಡೆಯ ಇಬ್ಬರು ಹೆಂಗಸರಿಗೆ ಪರಿಚಯಿಸಿದರು. ಆಮೇಲೆ ಗೋಡೆಯ ಗಾಜಿನ ಪೆಟ್ಟಿಗೆಯತ್ತ ಕೈಮಾಡಿದರು. “ನಮ್ಮಪ್ಪನ ಕತ್ತರಿ. ನಿನ್ನ ಕೈಗೇ ಇದು ಸರಿ ಅಂತ ನಂಗೆ ಕೊಟ್ರು.”

ಹತ್ತಿರ ಹೋಗಿ ನೋಡಿದೆ. ಅದೇ ಕತ್ತರಿ. ತಾತ ಎಡಚ. ಅಮ್ಮನೂ ನಾನೂ ಹಾಗೆಯೇ. ತಾತ ಎಡಗೈಗೆಂದೇ ಮಾಡಿಸಿದ್ದ ಆ ಕತ್ತರಿ ಕಾಣೆಯಾದಾಗ, “ಎಡಗೈ ಕತ್ತರಿ ಇವಳಿಗಲ್ಲದೆ ಬೇರೆ ಯಾರಿಗೆ ಬೇಕು?” ಎಂದು ಮೊದಲು ಅಮ್ಮನತ್ತ ಬೆರಳು ತೋರಿಸಿದವರು ಇದೇ ದೊಡ್ಡಮ್ಮ. ತಾತ ಸಾಯುವವರೆಗೂ ಅಮ್ಮನನ್ನು ತಮ್ಮ ಟೈಲರ್ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಸೇರಿಸಲಿಲ್ಲ. ಕಳ್ಳಿ ಎನ್ನಿಸಿಕೊಂಡು, ಕಾಜಾ ಗುಂಡಿ ಹಾಕುತ್ತಲೇ ಅವಳ ತಲೆ ನರೆಯಿತು.

ಜಗಳಕ್ಕೆ ನಿಂತಿದ್ದರೆ ದೊಡ್ಡಮ್ಮ ನಾಲ್ಕು ಹನಿ ಕಣ್ಣೀರು ಹಾಕಿ ಗೆದ್ದುಬಿಡುತ್ತಿದ್ದರು. ನಾನು ನಗುತ್ತ ಫೋನು ತೆಗೆದು ಅಮ್ಮನಿಗೆ ವಿಡಿಯೊ ಕರೆ ಮಾಡಿದೆ.

“ದೊಡ್ಡಮ್ಮ, ತಾತನ ಕತ್ತರೀಲಿ ಒಂದ್ಸಲ ಕತ್ತರಿಸಿ ತೋರಿಸಿ. ಅಮ್ಮಾನೂ ನೋಡ್ಲಿ.”

“ಅಯ್ಯೋ, ಅದು ಮೊಂಡಾಗಿದೆ ಕಣೇ.”

“ಏನ್ರೀ, ಮೊನ್ನೆ ತಾನೇ ಸಾಣೆ ಹಿಡಿಸಿದೆ ಅಂದ್ರಲ್ಲ? ತೋರಿಸ್ರೀ,” ಎಂದರು ಹೆಂಗಸರಲ್ಲೊಬ್ಬರು.

ಬೇರೆ ದಾರಿಯಿಲ್ಲದೆ ದೊಡ್ಡಮ್ಮ ಕತ್ತರಿಯನ್ನು ಬಲಗೈಗೆ ತೆಗೆದುಕೊಂಡರು. ಮೇಜಿನ ಮೇಲಿದ್ದ ರೇಷ್ಮೆ ಬಟ್ಟೆ ತುಂಡಾಗಲಿಲ್ಲ. ಮಡಚಿಕೊಂಡು ಅಲಗುಗಳ ನಡುವೆ ಸಿಕ್ಕಿಬಿತ್ತು.

“ಅದು ಎಡಗೈದು, ದೊಡ್ಡಮ್ಮ. ನಿಮ್ಮ ಕೈಗೇ ಸರಿ ಅಂತ ತಾತ ಹೇಗೆ ಅಂದ್ರು?” ಎಂದೆ. ಫೋನನ್ನು ಅವರ ಮುಖದ ಹತ್ತಿರ ಹಿಡಿದೆ. “ಅಮ್ಮ, ಬೇರೆ ಯಾರಿಗೆ ಬೇಕು ಅಂದಿದ್ರಲ್ಲ, ಅವರ ಹತ್ರಾನೇ ಇದೆ ನೋಡು.”

ಹೆಂಗಸರು ಮುಖ ಮುಖ ನೋಡಿಕೊಂಡರು. ದೊಡ್ಡಮ್ಮ ಸಿಕ್ಕಿಬಿದ್ದ ಬಟ್ಟೆಯನ್ನು ಎಳೆಯತೊಡಗಿದರು.

“ಎಳೀಬೇಡಕ್ಕ, ಬಟ್ಟೆ ಹರಿಯತ್ತೆ,” ಎಂದಳು ಅಮ್ಮ ಫೋನಿನಿಂದ. “ಅವಳ ಕೈಗೆ ಕೊಡು.”

ಕೊಟ್ಟರು. ಎಡಗೈಯಲ್ಲಿ ಹಿಡಿದು ಕತ್ತರಿಸಿದೆ. ರೇಷ್ಮೆ ನೀರಿನ ಹಾಗೆ ಇಬ್ಭಾಗವಾಯಿತು. ಕತ್ತರಿಯನ್ನು ದುಪಟ್ಟಾದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಕರೆ ಮುಗಿಸುವ ಮೊದಲು ಅಮ್ಮ, “ಅಕ್ಕ, ಆ ಗಾಜಿನ ಪೆಟ್ಟಿಗೆ ಅಲ್ಲೇ ಇರ್ಲಿ,” ಎಂದಳು. “ಅದರಲ್ಲಿ ಬೇರೆ ಏನೂ ಇಡಬೇಡ. ಕತ್ತರಿ ಎಲ್ಲಿ ಅಂತ ಬಂದೋರು ಕೇಳಲಿ.”