ಹಾಲು ಚೆಲ್ಲಿದ ಬೆಳಿಗ್ಗೆ

ಚೆಂಡು ಟೈರೆಲ್‌ನ ಗಲ್ಲಕ್ಕೆ ಎರಡು ಬೆರಳು ಬಿಟ್ಟು ಹಾದುಹೋಯಿತು. ಬೇರೆ ಯಾರೇ ಆಗಿದ್ದರೂ ಹಿಂದಕ್ಕೆ ಹಾರಿಬಿಡುತ್ತಿದ್ದರು. ಅವನು ಚೆಂಡು ಹೋದ ಮೇಲೆ ತಲೆ ಎಳೆದುಕೊಂಡ. ಮೂರನೆಯ ಸಾಲಿನಲ್ಲಿ ಕೂತಿದ್ದ ವರ್ನಾಳ ಪೆನ್ಸಿಲ್ ಸ್ಕೋರ್ ಹಾಳೆಯನ್ನು ತೂತು ಮಾಡಿತು.

"ನಿಮ್ಮ ಹುಡುಗ ನಿಂತಲ್ಲೇ ನಿದ್ದೆ ಹೊಡೀತಿದಾನಲ್ಲ ವರ್ನಾ, ರಾತ್ರಿ ಏನು ಬಡಿಸಿದ್ರಿ?" ಎಂದ ಪಕ್ಕದ ಸೀಟಿನ ಆರ್ವಿನ್. ಸುತ್ತಲಿನವರು ನಕ್ಕರು. ಇಂಥ ಸಣ್ಣ ಬೇಸ್‌ಬಾಲ್ ಲೀಗ್‌ನ ಆಟಗಾರರಿಗೆ ಬಾಡಿಗೆ ಕಟ್ಟುವಷ್ಟು ಸಂಬಳ ಎಲ್ಲಿಂದ ಬರಬೇಕು? ಬೇಸಿಗೆ ಪೂರ್ತಿ ಊರಿನವರ ಮನೆಗಳಲ್ಲೇ ಅವರ ವಾಸ. ವರ್ನಾಳ ಮಹಡಿಯ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬರಲ್ಲ ಒಬ್ಬರು ಉಳಿದು ಹೋಗಿದ್ದಾರೆ. ಆದರೆ ಯಾರನ್ನೂ ಅವಳು ಈ ಬೇಸಿಗೆ ಬಂದ ಟೈರೆಲ್‌ನಷ್ಟು ಹಚ್ಚಿಕೊಂಡಿರಲಿಲ್ಲ.

ಆರು ದಿನಗಳ ಹಿಂದೆ ಒಂದು ಚೆಂಡು ಅವನ ಹೆಲ್ಮೆಟ್ಟಿಗೆ ಬಡಿದಿತ್ತು. ಏನೂ ಆಗಿಲ್ಲವೆಂದು ತಂಡದ ಡಾಕ್ಟರಿಗೆ ಹೇಳಿ ನಗುತ್ತ ಬಂದಿದ್ದ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತು ಹಾಲು ಸುರಿದುಕೊಂಡರೆ ಒಂದು ಹನಿಯೂ ಬಟ್ಟಲಿಗೆ ಬೀಳಲಿಲ್ಲ, ಎಲ್ಲ ಮೇಜಿನ ಮೇಲೆ ಹರಿಯಿತು. ಎಲ್ಲವೂ ಎರಡೆರಡಾಗಿ ಕಾಣುತ್ತಿದೆಯೆಂದು ಆಗ ಬಾಯಿಬಿಟ್ಟ. ಮೇಲಿನ ಲೀಗ್‌ನ ತಂಡದವರು ಮಧ್ಯಾಹ್ನದ ಆಟಕ್ಕೆ ಅವನನ್ನು ನೋಡಲೆಂದೇ ಬರುವವರಿದ್ದರು.

"ಇವತ್ತೊಂದಿನ ಸುಮ್ನಿದ್ಬಿಡಿ ಅಮ್ಮ. ನಾಳೆ ನಾನೇ ಡಾಕ್ಟರ್ ಹತ್ರ ಹೋಗ್ತೀನಿ. ನನಗೀಗ್ಲೇ ಇಪ್ಪತ್ತೇಳು. ಇನ್ನೊಂದ್ಸಲ ನನ್ನ ನೋಡೋಕೆ ಯಾರೂ ಬರಲ್ಲ."

ಮೇಜು ಒರೆಸುತ್ತ ಅವಳು ಆಗಲಿ ಅಂದಿದ್ದಳು. ಯಾಕಾದರೂ ಅಂದೆನೋ ಎಂದು ಈಗ ಹಳಹಳಿಸುತ್ತಿದ್ದಳು.

ಐದನೆಯ ಇನಿಂಗ್ಸ್‌ಗೆ ಎದುರು ತಂಡದವರು ಚೆಂಡೆಸೆಯಲು ಹೊಸ ಪಿಚರ್‌ನನ್ನು ಇಳಿಸಿದರು. ತಾಳೆಮರದಂಥ ಆಳು. ವೇಗವೇನೋ ಇತ್ತು, ಹಿಡಿತವಿರಲಿಲ್ಲ. ಮೊದಲು ಬಂದವನ ಬೆನ್ನಿಗೇ ಚೆಂಡು ಬಾರಿಸಿದ. ಮುಂದಿನ ಸರದಿ ಟೈರೆಲ್‌ನದು. ಬ್ಯಾಟು ಹೆಗಲಿಗೇರಿಸಿ ಅವನು ಬರುವುದನ್ನು ಕಂಡಾಗ ವರ್ನಾ ಸ್ಕೋರ್ ಹಾಳೆ ಪಕ್ಕಕ್ಕಿಟ್ಟಳು. ತಾನು ಕೊಟ್ಟ ಮಾತು ಅವನ ಪ್ರಾಣಕ್ಕಿಂತ ದೊಡ್ಡದೇ ಎಂದು ತನ್ನನ್ನೇ ಬೈದುಕೊಂಡು ಎದ್ದಳು.

ಆಟ ಕಾಣುವುದಿಲ್ಲ, ಕೂತುಕೊಳ್ಳಿ ಎಂದು ಹಿಂದಿನವರು ಗದರಿದರು. ಅವಳು ಮುಂದಕ್ಕಿಳಿದು ಕಟಕಟೆಯ ಕಂಬಿ ಹಿಡಿದು ಬಗ್ಗಿ, ಕೆಳಗೆ ನಿಂತಿದ್ದ ಕೋಚ್ ಗ್ರೇಡಿಯನ್ನು ಕೂಗಿದಳು.

"ಗ್ರೇಡಿ, ಅವನನ್ನ ಆಡಿಸ್ಬೇಡಿ. ಅವನಿಗೆ ಎರಡು ಚೆಂಡು ಕಾಣ್ತಿದೆ."

ಗ್ರೇಡಿ ಅವಳ ಮುಖವನ್ನೊಮ್ಮೆ ನೋಡಿ, ಕೈಯೆತ್ತಿ ಆಟ ನಿಲ್ಲಿಸಿದ. ಮೈದಾನಕ್ಕೆ ಹೋಗಿ ಟೈರೆಲ್‌ನ ಕೈಯಿಂದ ಬ್ಯಾಟು ಇಸಿದುಕೊಂಡ. ಮೇಲಿನ ತಂಡದಿಂದ ಬಂದಿದ್ದವನು ಟಿಪ್ಪಣಿ ಪುಸ್ತಕ ಮುಚ್ಚಿದ.

ಯಾರು ಹೇಳಿದ್ದೆಂದು ಟೈರೆಲ್‌ಗೆ ತಿಳಿಯದೇ ಇರುತ್ತದೆಯೇ? ಸಿಟ್ಟಿನಿಂದ ಕಟಕಟೆಯ ಕಡೆ ತಿರುಗಿ ಅವಳನ್ನು ದುರುಗುಟ್ಟಿ ನೋಡಿದ. ಆದರೆ ಆ ನೋಟ ಅವಳ ಮೇಲೆ ನಿಲ್ಲಲಿಲ್ಲ. ಒಂದು ಮಾರು ಆಚೆ, ಯಾರೂ ಇಲ್ಲದ ಕಡೆ ನೆಟ್ಟಿತ್ತು.

ವರ್ನಾ ಕಂಬಿ ಹಿಡಿದುಕೊಂಡೇ ಮೆಲ್ಲಗೆ ಸರಿದು, ಅವನು ನೋಡುತ್ತಿದ್ದ ಜಾಗದಲ್ಲಿ ಹೋಗಿ ನಿಂತಳು.