ಚೆಂಡಿನ ಕಾರ್ಡು

ಆಟದ ಪೀರಿಯಡ್ಡನ್ನು ನುಂಗಿ ನೀರು ಕುಡಿಯುವುದರಲ್ಲಿ ಲೆಕ್ಕದ ಮೇಡಂ ಎತ್ತಿದ ಕೈ. "ಐದೇ ನಿಮಿಷ ಕಣ್ರೋ" ಎಂದು ಶುರುವಾದದ್ದು ಮುಂದಿನ ಬೆಲ್ಲಿನವರೆಗೂ ಎಳೆಯುತ್ತಿತ್ತು. ನಲವತ್ತು ಮಕ್ಕಳಲ್ಲಿ ಒಬ್ಬರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಈ ವರ್ಷ ತರಗತಿಗೆ ಪುಟ್ಟಿ ಬಂದಳು. ಅವಳಿಗೆ ಆಟಿಸಂ. ಮುಂದೇನು ಎಂಬುದು ಗೊತ್ತಿದ್ದರೆ ಹಾಯಾಗಿರುವಳು, ಗೊತ್ತಾಗದಿದ್ದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುವಳು. ಅದಕ್ಕೇ ಮೇಡಂ ತಾವೇ ಕೂತು ಪ್ರತಿ ಪೀರಿಯಡ್ಡಿಗೂ ಒಂದೊಂದು ಚಿತ್ರದ ಕಾರ್ಡು ಬರೆದು ಅವಳ ಬೆಂಚಿಗೆ ಸಾಲಾಗಿ ಅಂಟಿಸಿದ್ದರು. ಮುಗಿದ ಪಾಠದ ಕಾರ್ಡನ್ನು ಪುಟ್ಟಿ ಕಿತ್ತು ಡಬ್ಬಿಗೆ ಹಾಕಬೇಕು. "ಇದರಲ್ಲಿ ಇರೋದೇ ನಡೆಯುತ್ತೆ" ಎಂದು ಅವಳ ಅಮ್ಮನಿಗೆ ಮಾತೂ ಕೊಟ್ಟಿದ್ದರು.

ಒಂದು ದಿನ ಆಟದ ಬೆಲ್ ಹೊಡೆಯಿತು. ಮೇಡಂ ಬೋರ್ಡಿನ ಮುಂದಿನಿಂದ ಕದಲಲಿಲ್ಲ. "ಐದೇ ನಿಮಿಷ, ಮೂರೇ ಲೆಕ್ಕ!"

ಪುಟ್ಟಿ ಲೆಕ್ಕದ ಕಾರ್ಡನ್ನು ಡಬ್ಬಿಗೆ ಹಾಕಿದಳು. ಡಬ್ಬಿಯ ಸಮೇತ ಮುಂದೆ ಬಂದು ಚೆಂಡಿನ ಕಾರ್ಡನ್ನು ಮೇಡಂ ಎಡಗೈಗೆ ಕೊಟ್ಟಳು. ಬಲಗೈಯಲ್ಲಿದ್ದ ಸೀಮೆಸುಣ್ಣ ಕಿತ್ತುಕೊಂಡು, ಅದನ್ನೂ ಡಬ್ಬಿಗೆ ಹಾಕಿ, ಟಪ್ಪನೆ ಮುಚ್ಚಳ ಮುಚ್ಚಿದಳು.

ಮೂಗಿನ ತುದಿಯಲ್ಲೇ ಸಿಟ್ಟಿರುವ ಮೇಡಂ ಕಾರ್ಡು ನೋಡಿದರು. ಚೆಂಡು ಬರೆದದ್ದು ತಮ್ಮದೇ ಕೈ. ನಗು ತಡೆಯಲಾಗಲಿಲ್ಲ.

"ಏಳ್ರೋ, ಇನ್ನೂ ಕೂತು ಏನ್ ನೋಡ್ತೀರಿ!"

ಮಕ್ಕಳು ದಡದಡ ಓಡಿದರು. ಪುಟ್ಟಿ ಮಾತ್ರ ಬಾಗಿಲಲ್ಲೇ ನಿಂತಳು.

"ನೀನೂ ಹೋಗಮ್ಮ" ಎಂದರು ಮೇಡಂ.

"ಕಾರ್ಡು ನಿಮ್ಮ ಹತ್ರ ಇದೆ" ಎಂದಳು ಪುಟ್ಟಿ. "ಆಟ."

ಹತ್ತೊಂಬತ್ತು ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿದ್ದರೂ ಮೈದಾನಕ್ಕೆ ಕಾಲಿಡದಿದ್ದ ಮೇಡಂ, ಚಪ್ಪಲಿ ಬಿಟ್ಟು ಅವಳ ಹಿಂದೆ ಹೊರಟರು.